ಅಕ್ಕೋರ ಪರೀಕ್ಷೆ

19 ನವೆಂಬರ್ 2024, ಮಂಗಳವಾರ. ಮಧ್ಯಾಹ್ನ 1.50

ಹಾಜರಿ ಆ್ಯಪ್‌ಗೆ ಹಾಕಿದ್ದಾಯಿತು. ಉಂಡವರೆಷ್ಟು, ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು — ಅದೂ ಆಯಿತು. ನೆಟ್‌ವರ್ಕ್ ಹೋಗಿ ಎರಡು ಸಲ ಮೊದಲಿನಿಂದ. ಇನ್ನು ಹತ್ತು ನಿಮಿಷ ನನ್ನದು.

ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿ.ಆರ್.ಪಿ. ಸರ್ ಫೋನ್ ಮಾಡಿದ್ದರು. ಈ ವರ್ಷ ನಮ್ಮ ಕ್ಲಸ್ಟರ್‌ನಿಂದ ಕ್ರಿಯಾ ಸಂಶೋಧನೆ ನಾನೇ ಮಾಡಬೇಕಂತೆ. ತರಗತಿಯ ಒಂದು ತೊಂದರೆ ಆರಿಸಿ, ಅದಕ್ಕೊಂದು ಉಪಾಯ ಮಾಡಿ, ಮೊದಲು ಹೇಗಿತ್ತು ಆಮೇಲೆ ಹೇಗಾಯಿತು ಎಂದು ಬರೆದು ಫೆಬ್ರವರಿಯಲ್ಲಿ ಸವದತ್ತಿಯಲ್ಲಿ ಮಂಡಿಸಬೇಕು. ತೊಂದರೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮೂರನೆಯ ತರಗತಿಯಲ್ಲಿ ಹನ್ನೆರಡು ಮಕ್ಕಳು. ಓದಲು ಬರುವುದು ಮೂವರಿಗೆ.

ಡೈರಿಯನ್ನು ಶಾಲೆಯ ಟೇಬಲ್ ಮೇಲೆ ಬಿಡಬೇಡ, ಯಾರಾದರೂ ಓದಿಯಾರು ಎಂದು ನನ್ನ ಗಂಡ ಶಾನವಾಜ ಮನೆಯಲ್ಲಿ ಹೇಳುತ್ತಲೇ ಇರುತ್ತಾರೆ. ಯಾರು ಓದಬೇಕು? ಹೆಡ್ ಮಾಸ್ತರ್ ನಿಜಗುಣಪ್ಪ ಸರ್ ಸುತ್ತೋಲೆ ಬಿಟ್ಟು ಬೇರೇನೂ ಓದುವುದಿಲ್ಲ. ಅಡುಗೆಯ ಬಾಯವ್ವನಿಗೆ ಅಕ್ಷರ ಬಾರದು. ಆ ಮೂವರಲ್ಲಿ ಚೆನ್ನಾಗಿ ಓದಬಲ್ಲ ಫಿಜಾ ಮರ್ಯಾದಸ್ಥೆ, ಕೇಳದೆ ಚಾಕ್ ಕೂಡ ಮುಟ್ಟುವುದಿಲ್ಲ. ಉಳಿದವರ ವಿಷಯ ಮೇಲೆ ಬರೆದೆನಲ್ಲ.

21 ನವೆಂಬರ್, ಗುರುವಾರ

ಪೂರ್ವ ಪರೀಕ್ಷೆ ಮುಗಿಯಿತು. ನಾನೇ ಒಂದು ಪ್ಯಾರಾ ಬರೆದೆ. ಅಜ್ಜಿಯ ಎಮ್ಮೆ ಕಳೆದುಹೋಗುತ್ತದೆ, ಹೊಳೆಯಲ್ಲಿ ಸಿಗುತ್ತದೆ. ಎಂಟು ಸಾಲು. ಒಬ್ಬೊಬ್ಬರನ್ನೇ ಕರೆದು ಓದಿಸಿದೆ. ಮೂವರು ಓದಿದರು. ಮೂವರು ಅಕ್ಷರ ಕೂಡಿಸಿದರು. ಉಳಿದವರು ನಿಂತರು, ಅಷ್ಟೆ.

ಅಪ್ಪು ಹಾಳೆಯನ್ನು ನೋಡಲೇ ಇಲ್ಲ. ನನ್ನ ತುಟಿ ನೋಡಿದ. ಅಲ್ಲಿಂದ ಏನಾದರೂ ಬಂದರೆ ಅದನ್ನೇ ಹೇಳಿಬಿಡುವ ಆಸೆ. ಹೆಬ್ಬೆರಳು ಬಾಯಲ್ಲಿ. ಉಗುರು ಕಡಿದು ಕಡಿದು ತುದಿ ಕೆಂಪಾಗಿದೆ. ಆರು ತಿಂಗಳಿಂದ ಇವನಿಗೆ ನಾನು ಕಲಿಸಿದ್ದಾದರೂ ಏನು?

ಎಲ್ಲರಿಗೂ ಕೇಳುವಂತೆ ಹೇಳಿದೆ, "ಅಂಜಬ್ಯಾಡ್ರಿ. ಇದು ನಿಮ್ಮ ಪರೀಕ್ಷಾ ಅಲ್ಲ, ನನ್ನ ಪರೀಕ್ಷಾ. ನಾ ಹೆಂಗ ಕಲಸ್ತೇನಿ ಅಂತ ದೊಡ್ಡ ಸಾಹೇಬ್ರು ನೋಡ್ತಾರ. ಫೆಬ್ರವರಿದಾಗ ಮತ್ತ ಇದನ್ನ ಓದಸ್ತೇನಿ."

ಮಕ್ಕಳ ಮುಖ ಹಗುರಾಯಿತು. ನನಗೂ ಒಳ್ಳೆಯ ಮಾತು ಆಡಿದೆ ಅನ್ನಿಸಿತು.

ಎರಡೂ ಸಲ ಅದೇ ಪ್ಯಾರಾ ಇರಲಿ, ಹೋಲಿಸಲು ಸರಿ — ಇದು ನಿಜಗುಣಪ್ಪ ಸರ್ ನಿನ್ನೆ ಕೊಟ್ಟ ಸಲಹೆ. ಒಪ್ಪಿದೆ.

10 ಡಿಸೆಂಬರ್, ಮಂಗಳವಾರ. ಸಂಜೆ 4.40, ಬಸ್ಸಿಗೆ ಕಾಯುತ್ತ

ಉಪಾಯ ನಡೆಯುತ್ತಿದೆ. ದಿನಾ ಮೂವರು ಮಕ್ಕಳು ಮನೆಯಿಂದ ಒಂದೊಂದು ಶಬ್ದ ತರಬೇಕು. ಅದನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ದಾರಕ್ಕೆ ಸಿಕ್ಕಿಸುತ್ತೇನೆ. ಇವತ್ತಿನವರೆಗೆ ಬುಟ್ಟಿ, ಗಾಲಿ, ಮೆಣಸು, ಚಾದರ, ಟ್ರ್ಯಾಕ್ಟರ್, ಇನ್ನೂ ಏನೇನೋ. ಅಪ್ಪು ತಂದದ್ದು "ಉಗುರು". ಅವರವ್ವ ದಿನಾ ಬೈಯುವ ಶಬ್ದವಂತೆ.

ಶಾಲೆ ಬಿಟ್ಟರೂ ಮಕ್ಕಳು ಮನೆಗೆ ಹೋಗುತ್ತಿಲ್ಲ. ಅಡುಗೆ ಕೋಣೆಯ ಹಿಂದೆ ಗುಂಪು ಕಟ್ಟಿಕೊಂಡು ಕೂತಿರುತ್ತವೆ, ನಡುವೆ ಫಿಜಾ. ಏನು ಎಂದರೆ "ಆಟ್ರಿ ಅಕ್ಕೋರ". ಬಾಯವ್ವ ಪಾತ್ರೆ ತಿಕ್ಕುತ್ತ ಮುಸಿಮುಸಿ ನಗುತ್ತಾಳೆ. ಮಕ್ಕಳಿಗೆ ಶಾಲೆ ಬಿಟ್ಟು ಹೋಗಲು ಮನಸ್ಸಿಲ್ಲ ಎಂದರೆ ಟೀಚರ್‌ಗೆ ಇನ್ನೇನು ಬೇಕು. ಯರಗಟ್ಟಿಯವರೆಗೂ ಬಸ್ಸಿನಲ್ಲಿ ನಿಂತೇ ಹೋಗಬೇಕಾದರೂ ಇವತ್ತು ಬೇಸರವಿಲ್ಲ.

9 ಜನವರಿ 2025

ಡೈರಿ ಮುಟ್ಟಿ ತಿಂಗಳಾಯಿತು. ತರಬೇತಿ, ಆಧಾರ್ ಜೋಡಣೆ, ಮತ್ತೆ ತರಬೇತಿ. ಈ ತಿಂಗಳಲ್ಲಿ ನಾನು ಕಲಿಸಿದ್ದು ಹನ್ನೊಂದು ದಿನ. ಸಿಟ್ಟು ಬಂದು ಬರೆಯಲು ಕೂತೆ. ದಾರದ ಮೇಲಿನ ಚೀಟಿ ಎಣಿಸಿದೆ — ನಲವತ್ತಾರು. ಸಿಟ್ಟು ಅರ್ಧ ಇಳಿಯಿತು.

11 ಫೆಬ್ರವರಿ, ಮಂಗಳವಾರ. ಮಧ್ಯಾಹ್ನ 12.30

ಹತ್ತು ಮಂದಿ ಓದಿದರು. ಹನ್ನೊಂದರಲ್ಲಿ ಹತ್ತು. ತಡೆಯದೆ, ತೊದಲದೆ. ಅಪ್ಪು ಇನ್ನೂ ಬಂದಿಲ್ಲ, ಅವರವ್ವನ ಜೊತೆ ಮನೋಳಿಗೆ ಹೋಗಿದ್ದಾನಂತೆ. ಚೀಟಿಗಳು ಇಷ್ಟು ಕೆಲಸ ಮಾಡಿದವೇ. ನಾನು ಒಳ್ಳೆಯ ಟೀಚರ್ ಇರಬೇಕು.

ಅದೇ ದಿನ, 3.45

ಅಪ್ಪು ಊಟದ ಹೊತ್ತಿಗೆ ಬಂದ. ಹಾಳೆಯನ್ನು ಟೇಬಲ್ ಮೇಲಿಟ್ಟೆ. ಶುರು ಮಾಡಿದ. "ಅಜ್ಜಿಯ ಬಳಿ ಒಂದು ಎಮ್ಮೆ ಇತ್ತು." ಕಣ್ಣಲ್ಲಿ ನೀರು ಬಂತು ನನಗೆ. ಮೂರನೆಯ ಸಾಲಿಗೆ ಬಂದಾಗ ಕಿಟಕಿಯಿಂದ ಗಾಳಿ ಬೀಸಿ ಹಾಳೆ ಹಾರಿತು. ಬಾಗಿಲು ದಾಟಿ ಅಂಗಳಕ್ಕೆ ಹೋಯಿತು.

ಅಪ್ಪು ನಿಲ್ಲಿಸಲಿಲ್ಲ. ಬರಿಯ ಟೇಬಲ್ ನೋಡುತ್ತ ಓದಿದ. ಬೆರಳು ಕೂಡ ಸರಿಸುತ್ತಿದ್ದ. "ಎಮ್ಮೆ ಮನೆಗೆ ಬಂತು. ಅಜ್ಜಿ ನಕ್ಕಳು." ಮುಗಿಸಿ ಕೈಕಟ್ಟಿ ನಿಂತ.

ನಾನು ನಕ್ಕೆ. ಆಮೇಲೆ ನಗು ನಿಂತುಹೋಯಿತು.

12 ಫೆಬ್ರವರಿ, ಬುಧವಾರ

ಫಿಜಾಳನ್ನು ಕೇಳಿದೆ. ತಲೆ ತಗ್ಗಿಸಿ ನಿಜ ಹೇಳಿದಳು.

"ನಿಮ್ಮ ಪರೀಕ್ಷಾ ಐತಿ ಅಂದಿದ್ರೆಲ್ಲರಿ ಅಕ್ಕೋರ. ನೀವು ನಪಾಸ ಆದ್ರ ನಿಮ್ಮನ್ನ ಬ್ಯಾರೆ ಊರಿಗೆ ಕಳಸ್ತಾರ ಅಂತ ಅಪ್ಪು ಅಂದ. ಅದಕ್ಕ ಎಲ್ಲಾರಿಗೂ ಕಲಿಸಿದ್ನಿರಿ."

ಮೂರು ತಿಂಗಳು. ದಿನಾ ಶಾಲೆ ಬಿಟ್ಟ ಮೇಲೆ. ಪ್ಯಾರಾ ಅವಳಿಗೆ ಮೊದಲ ದಿನವೇ ಬಾಯಿಪಾಠ. ಅಡುಗೆ ಕೋಣೆಯ ಹಿಂದಿನ ಕಲ್ಲುಹಾಸಿನ ಮೇಲೆ ಇದ್ದಿಲಿನಿಂದ ಬರೆದು ಕಲಿಸಿದ್ದಾಳೆ. ಚಾಕ್ ಯಾಕೆ ತಗೊಳ್ಳಲಿಲ್ಲ ಎಂದರೆ, ಅದು ಶಾಲೆಯದಂತೆ.

ಬಾಯವ್ವ ನಡುವೆ ಬಂದಳು. "ಬೈಬ್ಯಾಡ್ರಿ ಅಕ್ಕೋರ, ಹುಡುಗೂರು ನಿಮ್ಮ ಮ್ಯಾಲಿನ ಜೀವಕ್ಕ ಮಾಡ್ಯಾವು. ಕೇಳಿ ಕೇಳಿ ನನಗೂ ಬರತೈತಿ ನೋಡ್ರಿ." ಸೌಟು ಹಿಡಿದುಕೊಂಡೇ ಎಂಟೂ ಸಾಲು ಒಪ್ಪಿಸಿದಳು.

ಯಾರ ಮೇಲೆ ಸಿಟ್ಟಾಗಲಿ? ನನ್ನ ಪರೀಕ್ಷೆ ಅಂದವಳು ನಾನೇ, ಅದೇ ಪ್ಯಾರಾ ಮತ್ತೆ ಓದಿಸುತ್ತೇನೆ ಅಂದವಳೂ ನಾನೇ.

ನಿಜಗುಣಪ್ಪ ಸರ್‌ಗೆ ಹೇಳಿದೆ. ಕನ್ನಡಕ ಒರೆಸಿಕೊಂಡರು. "ಓದಿದ್ದು ಖರೇ ಐತೆಲ್ಲರಿ ಮೇಡಂ. ಹನ್ನೊಂದ ಬರೀರಿ. ತಾಲೂಕಿಗೆ ಮೊದಲ ಬಂದ್ರ ನಮ್ಮ ಸಾಲಿ ಹೆಸರಾಕ್ಕೈತಿ."

ಬರೆಯಬಹುದು. ಯಾರಿಗೂ ಗೊತ್ತಾಗುವುದಿಲ್ಲ. ಸುಳ್ಳು ಹೇಳುವುದಿಲ್ಲ, ನನಗೂ ಆಸೆ ಇದೆ. ಆದರೆ ಹನ್ನೊಂದು ಎಂದು ಬರೆದರೆ ಅಪ್ಪು ಓದಲು ಬರುವವನಾಗಿ ನಾಲ್ಕನೆಯ ತರಗತಿಗೆ ಹೋಗುತ್ತಾನೆ. ಅಲ್ಲಿ ಅವನಿಗೆ ಅಕ್ಷರ ಯಾರು ಹೇಳಿಕೊಡುತ್ತಾರೆ?

14 ಫೆಬ್ರವರಿ, ಶುಕ್ರವಾರ

ಬೇರೆ ಪ್ಯಾರಾ. ಬಸ್ಸಿನಲ್ಲಿ ಬರೆದೆ, ಯಾರಿಗೂ ತೋರಿಸಲಿಲ್ಲ. ಹನ್ನೆರಡರಲ್ಲಿ ಆರು ಮಂದಿ ಓದಿದರು. ಮೂರರಿಂದ ಆರು. ಹನ್ನೊಂದರ ಮುಂದೆ ಬಡವಾಗಿ ಕಾಣುತ್ತದೆ, ಆದರೆ ಇದು ನನ್ನದು.

ಪೂರ್ತಿ ನನ್ನದೂ ಅಲ್ಲ. ಫಿಜಾಳ ಪಾಠ ಹೇಗೆ ನಡೆಯುತ್ತಿತ್ತು ಎಂದು ಮಾಡಿ ತೋರಿಸಲು ಹೇಳಿದೆ. ಅವಳದೊಂದು ಕಾಯಿದೆ ಇದೆ. ಶಬ್ದದ ಮೇಲೆ ಬೆರಳಿಟ್ಟೇ ಹೇಳಬೇಕು. ಬೆರಳು ತಪ್ಪಿದರೆ ಸರದಿ ಹೋಯಿತು. ಬಾಯಿಪಾಠ ಮಾಡುತ್ತಲೇ ಕೆಲವರ ಕಣ್ಣಿಗೆ ಅಕ್ಷರ ಹತ್ತಿದೆ. ಇದನ್ನೂ ವರದಿಯಲ್ಲಿ ಬರೆಯುತ್ತೇನೆ, ಅವಳ ಹೆಸರು ಹಾಕಿ.

ಅಪ್ಪು ಓದಿದ್ದು ಮೂರು ಶಬ್ದ. ಮರ, ಗಾಲಿ, ಬುಟ್ಟಿ. ಬೆವರಿ ಹೋದ. ಆದರೆ ನನ್ನ ತುಟಿ ನೋಡಲಿಲ್ಲ.

22 ಫೆಬ್ರವರಿ, ಶನಿವಾರ. ರಾತ್ರಿ 8

ಸವದತ್ತಿಯಲ್ಲಿ ಮಂಡಿಸಿ ಬಂದೆ. ಗಾಳಿಗೆ ಹಾಳೆ ಹಾರಿದ್ದು ಹೇಳಿದಾಗ ಸಭೆಯೆಲ್ಲ ನಕ್ಕಿತು. ಮೊದಲ ಸ್ಥಾನ ಬೇರೆಯವರಿಗೆ ಹೋಯಿತು, ಅವರದು ನೂರಕ್ಕೆ ತೊಂಬತ್ತೆಂಟು. ನಿಜಗುಣಪ್ಪ ಸರ್ ಮುಖ ಸ್ವಲ್ಪ ಸಪ್ಪಗಾಗಿತ್ತು.

ಚಹಾದ ಹೊತ್ತಿಗೆ ವಯಸ್ಸಾದ ಟೀಚರ್ ಒಬ್ಬರು ಹತ್ತಿರ ಬಂದರು. ಸಿದ್ದಲಿಂಗವ್ವ, ರಾಮದುರ್ಗದ ಕಡೆಯಲ್ಲಿ ಇದ್ದವರು, ಈಗ ಸೊಸೆಯ ಮಂಡನೆ ಕೇಳಲು ಬಂದಿದ್ದರಂತೆ. ಮೆಲ್ಲಗೆ ಹೇಳಿದರು, "ನಂದೂ ಹಿಂಗ ಆಗಿತ್ತವಾ, ಇಪ್ಪತ್ತ ವರ್ಷದ ಹಿಂದ. ಹುಡುಗೂರು ಬಾಯಿಪಾಠ ಮಾಡ್ಯಾವ ಅಂತ ಗೊತ್ತಾತು. ಹಾಳಿ ಹಾರಬಾರದಂತ ಎದ್ದ ಹೋಗಿ ಕಿಟಕಿ ಹಾಕಿ ಬಂದೆ." ಕಪ್ಪು ಕೆಳಗಿಟ್ಟು ನನ್ನ ಕೈ ಹಿಡಿದು ಒಂದು ಸಲ ಒತ್ತಿದರು.

ಮನೆಗೆ ಬಂದಾಗ ಶಾನವಾಜ ಪಾಸೋ ಫೇಲೋ ಎಂದು ಕೇಳಿದರು. ಅರ್ಧ ಪಾಸು ಅಂದೆ. ಹಾಗಾದರೆ ಬಿರಿಯಾನಿಯೂ ಅರ್ಧ ಪ್ಲೇಟ್ ಅಂದರು. ಪೂರ್ತಿ ತಂದಿದ್ದರು.

6 ಮಾರ್ಚ್, ಗುರುವಾರ. ಮಧ್ಯಾಹ್ನ 1.40

ರಂಜಾನ್ ಉಪವಾಸ, ಐದನೆಯ ರೋಜಾ. ಬಿಸಿಲು ಜೋರಾಗಿದೆ. ಮಕ್ಕಳ ಊಟ ಮುಗಿಯಿತು. ನನ್ನೆದುರು ಊಟದ ಮಾತು ಎತ್ತಬಾರದು ಎಂದು ಫಿಜಾ ಎಲ್ಲರಿಗೂ ತಾಕೀತು ಮಾಡಿದ್ದಾಳೆ. ಸಂಜೆಯ ಇದ್ದಿಲಿನ ಶಾಲೆ ಈಗ ಬೆಳಗಿನ ಮೊದಲ ಪಿರಿಯಡ್‌ಗೆ ಬಂದಿದೆ, ಚಾಕ್ ಸಮೇತ. ದಿನಾ ಹೊಸ ನಾಲ್ಕು ಸಾಲು. ಬಾಯವ್ವನೂ ಅಕ್ಕಿ ಮೊರ ತಂದು ಬಾಗಿಲಲ್ಲಿ ಕೂರುತ್ತಾಳೆ. ದೊಡ್ಡದೇನೂ ಆಗಿಲ್ಲ. ಆದರೂ ಬೆಳಿಗ್ಗೆ ಬಸ್ ಹತ್ತುವಾಗ ಖುಷಿಯಿರುತ್ತದೆ.

ಅಪ್ಪು ನನ್ನ ಪಕ್ಕದಲ್ಲೇ ನಿಂತಿದ್ದಾನೆ, ನೀರು ಕುಡಿದು ಬಂದವನು ಹೋಗಿಲ್ಲ. ಬಾಯಲ್ಲಿ ಹೆಬ್ಬೆರಳು. ಅಪ್ಪು ಉಗುರು ಕಡಿಯುವುದನ್ನು ಇನ್ನೂ ಬಿಟ್ಟಿಲ್ಲ.

ಒದ್ದೆ ಬೆರಳೊಂದು ಈ ಹಾಳೆಯ ಮೇಲೆ ಬಂತು. ಮೇಲಿನ ಸಾಲಿನ ಮೇಲೆ ನಿಂತಿತು. "ಅ... ಪ್ಪು." ಸರಿಯಿತು. "ಉ... ಗು... ರು." ಅವನು ಸಾಲು ನೋಡಿದ, ತನ್ನ ಹೆಬ್ಬೆರಳು ನೋಡಿಕೊಂಡ.

"ಇದನ್ಯಾಕ ಬರದೀರಿ ಅಕ್ಕೋರ? ನಾ ನಿನ್ನೆ ಒಟ್ಟ ಕಡದಿಲ್ಲರಿ. ಇವತ್ತ ಅಷ್ಟ."

ಓದಿದ. ಓದಿ ನನ್ನ ಜೊತೆ ಜಗಳಕ್ಕೆ ನಿಂತಿದ್ದಾನೆ. ಕಣ್ಣು ತುಂಬಿ ಅಕ್ಷರ ಕಾಣುತ್ತಿಲ್ಲ. ಬೆರಳು ಮೇಲೆ ಹೋಯಿತು, ಫಿಜಾಳ ಹೆಸರು ಹುಡುಕುತ್ತಿದೆ. ಇನ್ನು ಈ ಡೈರಿಯನ್ನು ಟೇಬಲ್ ಮೇಲೆ ಬಿಡುವ ಹಾಗಿಲ್ಲ.