ಅಪ್ಪನಿಗೂ ಗೊತ್ತಿತ್ತು

ಪ್ರೀತಿಯ ವಟಾಣಿ,

ನಿನ್ನಪ್ಪನ ನೆನಪುಗಳು. ಕತ್ತರಿ ಹಿಡಿದು ಹಿಡಿದು ಈ ಕೈಗೆ ಪೆನ್ನು ಒಗ್ಗುತ್ತಿಲ್ಲ. ಅಕ್ಷರ ಸೊಟ್ಟಗಿದ್ದರೆ ನಗಾಡು, ಬೇಜಾರಿಲ್ಲ. ನಿನ್ನೆ ದೊಡ್ಡಮ್ಮ ಫೋನ್ ಮಾಡಿದ್ದರು. ಊಟ, ಆಟ, ನಿದ್ದೆ ಎಲ್ಲ ಸರಿಯಾಗಿದೆ ಅಂದರು. ಆಮೇಲೆ ದನಿ ತಗ್ಗಿಸಿ, "ಔಷಧಿ ಬಾಟಲಿ ಮೇಲೆ ಏನು ಬರೆದಿದೆ ಓದಮ್ಮ ಅಂದ್ರೆ, ನಂಗೆ ಓದೋಕೆ ಬರಲ್ಲ ಅಂತಾಳೆ. ಏನಾಯ್ತು ಈ ಹುಡುಗಿಗೆ?" ಎಂದು ಕೇಳಿದರು. ನಾನು "ಗೊತ್ತಿಲ್ಲ ಅತ್ತಿಗೆ" ಎಂದೆ. ಅದೂ ಸುಳ್ಳು. ಏನಾಯಿತೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ.

ರಜೆ ಶುರುವಾಗುವ ದಿನ ನಿನ್ನ ಟೀಚರ್ ನನ್ನನ್ನು ಕರೆದು ಹೇಳಿದ್ದರು, ನೆನಪಿದೆಯಾ? "ಬುದ್ಧಿವಂತೆ, ಆದ್ರೆ ಓದೋದು ನಿಧಾನ. ರಜೆಯಲ್ಲಿ ದಿನಾ ಸ್ವಲ್ಪ ಜೋರಾಗಿ ಓದಿಸಿ. ಬಿಟ್ರೆ ಕಲಿತದ್ದೂ ಮರೆತುಹೋಗುತ್ತೆ." ನಿಮ್ಮಮ್ಮ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಬರುವುದು ಸಂಜೆ. ಮನೆಯಲ್ಲಿ ನಿನ್ನ ಹಳೆಯ ಪಾಠದ ಪುಸ್ತಕ ಬಿಟ್ಟರೆ ಓದುವುದಕ್ಕೆ ಏನೂ ಇರಲಿಲ್ಲ. ನನ್ನ ಅಂಗಡಿಯಲ್ಲಾದರೆ ದಿನಾ ಪೇಪರ್ ಬರುತ್ತದೆ. ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತವರು ಪೇಪರ್ ಹಿಡಿಯಲಾರರು, ನೀನು ಓದಿ ಹೇಳಿದರೆ ಅವರಿಗೂ ಹೊತ್ತು ಹೋಗುತ್ತದೆ, ನಿನಗೂ ರೂಢಿಯಾಗುತ್ತದೆ ಎಂದು ನಾನೇ ಯೋಚಿಸಿದ್ದು. ಎಂಥ ಬುದ್ಧಿ ನನ್ನದು ಎಂದು ನಿಮ್ಮಮ್ಮನ ಮುಂದೆ ಬೀಗಿದ್ದೂ ಉಂಟು.

ಮೊದಮೊದಲು ಪಾಪ, ನೀನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. ಒಂದು ತಲೆಬರಹ ಮುಗಿಯುವಷ್ಟರಲ್ಲಿ ಒಬ್ಬರ ಗಡ್ಡವೇ ಮುಗಿಯುತ್ತಿತ್ತು. ಟೈರ್ ಅಂಗಡಿಯವರು ಆಕಳಿಸಿದಾಗಲೆಲ್ಲ ನಿನ್ನ ದನಿ ಇನ್ನಷ್ಟು ಸಣ್ಣಗಾಗುತ್ತಿತ್ತು. ನಾನು ಬೆನ್ನು ತಟ್ಟಬೇಕಿತ್ತು. ಬದಲಿಗೆ "ಬೇಗ ಬೇಗ, ಎಲ್ಲರೂ ಕಾಯ್ತಿದಾರೆ" ಎನ್ನುತ್ತಿದ್ದೆ.

ಆಮೇಲೊಂದು ದಿನ ನೀನು ಸರಾಗವಾಗಿ ಓದಿಬಿಟ್ಟೆ. ಕತ್ತೆಯೊಂದು ಆಸ್ಪತ್ರೆಯ ಸಾಲಿನಲ್ಲಿ ಬೆಳಗಿನಿಂದ ನಿಂತಿತ್ತಂತೆ, ಯಾರು ಓಡಿಸಿದರೂ ಜಗ್ಗಲಿಲ್ಲವಂತೆ, ತನ್ನ ಸರದಿ ಬಂದ ಮೇಲೆ ಮರ್ಯಾದೆಯಿಂದ ಒಳಗೆ ಹೋಗಿ ನಾಲಿಗೆ ಚಾಚಿತಂತೆ. "ಕತ್ತೆಯ ಆರೋಗ್ಯ ಸ್ಥಿರವಾಗಿದೆ ಎಂದು ಬಲ್ಲ ಮೂಲಗಳು ತಿಳಿಸಿವೆ" ಎಂದು ನೀನು ಗಂಭೀರವಾಗಿ ಮುಗಿಸಿದಾಗ ಲಾರಿ ಡ್ರೈವರಣ್ಣ ನಕ್ಕ ರಭಸಕ್ಕೆ ನನ್ನ ಕೈಯಲ್ಲಿದ್ದ ಬ್ಲೇಡು ಜಾರುವುದರಲ್ಲಿತ್ತು. ಸಂಜೆ ಕೂದಲು ಗುಡಿಸಿದ ಮೇಲೆ ಆ ಸುದ್ದಿಯನ್ನು ನಿಮ್ಮಮ್ಮನಿಗೆ ತೋರಿಸೋಣ ಎಂದು ಪೇಪರ್ ತಿರುವಿ ಹಾಕಿದೆ. ಕತ್ತೆಯೂ ಇಲ್ಲ, ಆಸ್ಪತ್ರೆಯೂ ಇಲ್ಲ. ನೀನು ಬೆರಳಿಟ್ಟು ಓದಿದ ಜಾಗದಲ್ಲಿ ಸಿಮೆಂಟಿನ ಜಾಹೀರಾತು ಇತ್ತು.

ನಾನು ಬೈಯಲಿಲ್ಲ. ಊಟಕ್ಕೆ ಕೂತಾಗ ನಿನ್ನ ಕಿವಿಯ ಹತ್ತಿರ ಬಗ್ಗಿ, "ನಾಳೆ ಕತ್ತೆ ಮನೆಗೆ ಹೋಗುತ್ತೋ, ಅಲ್ಲೇ ಅಡ್ಮಿಟ್ ಆಗುತ್ತೋ?" ಎಂದು ಕೇಳಿದೆ. ನೀನು ಬಾಯಿ ಮುಚ್ಚಿಕೊಂಡು ನಕ್ಕ ನಗು, ಅನ್ನ ನೆತ್ತಿಗೇರಿ ಕೆಮ್ಮಿದ್ದು, ಏನೆಂದು ತಿಳಿಯದೆ ನಿಮ್ಮಮ್ಮ ಇಬ್ಬರಿಗೂ ಗದರಿದ್ದು. ಈ ರಜೆಯ ಅತಿ ಒಳ್ಳೆಯ ಹೊತ್ತು ಅದೇ ಇರಬೇಕು.

ಅಲ್ಲಿಂದ ನಮ್ಮಿಬ್ಬರದೂ ಒಂದು ಗುಟ್ಟಾಯಿತು. ಸುದ್ದಿ ಕಟ್ಟಲು ನಿನಗೆ ಪದಗಳು ಬೇಕಾದವು. ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನವೇ ನೀನು ಪೇಪರನ್ನು ನೆಲದ ಮೇಲೆ ಹರಡಿಕೊಂಡು ನಿಜವಾದ ಸುದ್ದಿಗಳನ್ನೆಲ್ಲ ಓದುತ್ತಿದ್ದೆ. "ತನಿಖೆ ಅಂದ್ರೇನಪ್ಪ? ವದಂತಿ ಅಂದ್ರೆ?" ಎಂದು ಪ್ರಾಣ ತಿನ್ನುತ್ತಿದ್ದೆ. ಹೊಸ ಪದವನ್ನು ಅಂಗೈ ಮೇಲೆ ಬರೆದುಕೊಂಡು ಮಧ್ಯಾಹ್ನದೊಳಗೆ ಕತ್ತೆಗೆ ಅಂಟಿಸಿಬಿಡುತ್ತಿದ್ದೆ. ಟೀಚರ್ ಹೇಳಿದ ಓದು, ಬರಹ ಎರಡೂ ಅಲ್ಲೇ ನಡೆಯುತ್ತಿತ್ತು, ನನಗೇ ಹೊಳೆಯಲಿಲ್ಲ. ನಿನ್ನ ಸುದ್ದಿ ಕೇಳುವುದಕ್ಕೆಂದೇ ಗಡ್ಡ ಬೆಳೆಯದವರೂ ಬಂದು ಬೆಂಚಿನ ಮೇಲೆ ಕೂರತೊಡಗಿದ್ದು ಮಾತ್ರ ನನಗೆ ಚೆನ್ನಾಗಿ ಕಾಣುತ್ತಿತ್ತು.

ಆಮೇಲಿನದು ನಿನಗೂ ಗೊತ್ತು. ಆದರೂ ನನ್ನ ಕೈಯಿಂದಲೇ ಬರೆಯಬೇಕು. ಅಂದು ನಿವೃತ್ತ ಗುಮಾಸ್ತರು ಕಾಯುತ್ತಾ ಕೂತಿದ್ದರು. ಮನೆಯಲ್ಲಿ ಪೇಪರನ್ನು ಜಾಹೀರಾತು ಸಮೇತ ಓದಿ ಮುಗಿಸಿ ಬರುವ ಮನುಷ್ಯ. ಕತ್ತೆ ಚುನಾವಣೆಗೆ ನಿಂತ ಸುದ್ದಿಯನ್ನು ನೀನು ಅರ್ಧ ಓದಿದ್ದೆ. ಅವರು ಎದ್ದು ಬಂದು ಪೇಪರ್ ಕಿತ್ತುಕೊಂಡು, ಒಂದೊಂದೇ ಪುಟ ಹುಡುಕಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಏನಪ್ಪ, ನಿನ್ನ ಮಗಳು ನಮಗೆಲ್ಲ ಸುಳ್ಳು ಓದಿ ಹೇಳ್ತಿದಾಳೆ. ನಿನಗೆ ಗೊತ್ತಿತ್ತಾ?"

ನೀನು ತಿರುಗಲಿಲ್ಲ. ಎದುರಿನ ಕನ್ನಡಿಯಲ್ಲೇ ನನ್ನ ಮುಖ ಹುಡುಕಿದೆ. ನಿನ್ನ ತುಟಿಯ ಅಂಚಿನಲ್ಲಿ ನಗು ಇತ್ತು, ಅಪ್ಪ ಈಗ ನಗುತ್ತಾನೆ, ಎಲ್ಲರೂ ನಗುತ್ತಾರೆ ಎಂದು ನೀನು ಕಾಯುತ್ತಿದ್ದೆ. ನಾನೋ, ಅಪ್ಪ ಮಗಳು ಸೇರಿ ಮಂಗ ಮಾಡಿದರು ಎನ್ನುತ್ತಾರಲ್ಲ, ಇವರೆಲ್ಲ ಎದುರು ಬೀದಿಯ ಅಂಗಡಿಗೆ ಹೋಗಿಬಿಡುತ್ತಾರಲ್ಲ ಎಂದು ಹೆದರಿದೆ. "ಅಯ್ಯೋ, ನನಗೆಲ್ಲಿ ಗೊತ್ತು ಸಾರ್" ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ನಿನ್ನ ಕಡೆ ತಿರುಗಿ, "ಇಷ್ಟು ದಿನ ಎಲ್ಲರನ್ನೂ ಯಾಮಾರಿಸಿದ್ಯಾ? ಎದ್ದು ನಿಲ್ಲು. ಒಬ್ಬೊಬ್ಬರ ಹತ್ರಾನೂ ಕ್ಷಮೆ ಕೇಳು" ಎಂದು ಅಬ್ಬರಿಸಿದೆ.

ನೀನು ಕೇಳಿದೆ. ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ, "ತಪ್ಪಾಯ್ತು ಅಂಕಲ್, ತಪ್ಪಾಯ್ತು ಅಂಕಲ್" ಎಂದು. ಕೊನೆಗೆ ನನ್ನ ಹತ್ತಿರ ಬಂದು, "ತಪ್ಪಾಯ್ತು ಅಪ್ಪ" ಎಂದೆ. ಅಪ್ಪನಿಗೂ ಗೊತ್ತಿತ್ತು ಎಂದು ಒಂದು ಮಾತು ಆಡಿದ್ದರೆ ನೀನು ಬಚಾವಾಗುತ್ತಿದ್ದೆ. ನೀನು ಆಡಲಿಲ್ಲ. ಮನೆಗೆ ಹೋದ ಮೇಲೆ ನಿಮ್ಮಮ್ಮನಿಗೂ ಹೇಳಲಿಲ್ಲ. ಇಷ್ಟು ಚಿಕ್ಕ ಮಗು ನನ್ನ ಮಾನ ಕಾಪಾಡಿತು, ಇಷ್ಟು ದೊಡ್ಡ ನಾನು ನಿನ್ನನ್ನು ಒಬ್ಬಳನ್ನೇ ನಿಲ್ಲಿಸಿ ಕೈಬಿಟ್ಟೆ. ಮಾರನೇ ದಿನವೇ ನೀನು ದೊಡ್ಡಮ್ಮನ ಮನೆಗೆ ಹೋಗುತ್ತೇನೆಂದು ಹಟ ಹಿಡಿದೆ. ಬ್ಯಾಗಿನಿಂದ ಪಾಠದ ಪುಸ್ತಕ ತೆಗೆದು ಮಂಚದ ಮೇಲೆ ಇಟ್ಟು ಹೋದದ್ದನ್ನು ನೋಡಿಯೂ ನಾನು ಸುಮ್ಮನಿದ್ದೆ.

ಇವತ್ತು ಬೆಳಿಗ್ಗೆ ಗುಮಾಸ್ತರು ಗಡ್ಡಕ್ಕೆ ಬಂದಿದ್ದರು. ಅರ್ಧ ಕೆನ್ನೆ ಆಗಿತ್ತು. ನನ್ನಿಂದ ತಡೆಯಲಾಗಲಿಲ್ಲ. "ಸಾರ್, ಅವತ್ತು ಸುಳ್ಳು ಹೇಳಿದ್ದು ನಾನು. ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ನಾಳೆ ಏನು ಸುದ್ದಿ ಅಂತ ಕೇಳ್ತಿದ್ದವನೂ ನಾನೇ" ಎಂದೆ. ಅವರು, "ಮೊದಲು ಆ ಬ್ಲೇಡನ್ನ ನನ್ನ ಕುತ್ತಿಗೆಯಿಂದ ಆಚೆ ತಗೊಳಪ್ಪ, ಆಮೇಲೆ ಮಾತಾಡು" ಅಂದರು. ಲಾರಿ ಡ್ರೈವರಣ್ಣ ಕಿಸಕ್ಕನೆ ನಕ್ಕ. ಆದರೆ ಎದ್ದು ಹೋಗುವಾಗ ಅವರು ಬಾಗಿಲಲ್ಲಿ ನಿಂತು ಹೇಳಿದ ಮಾತು ಇನ್ನೂ ಕೊರೆಯುತ್ತಿದೆ. "ನನಗೆ ಹೇಳಿ ಏನು ಬಂತು? ಆ ಮಗು ನನ್ನ ಕಾಲ ಹತ್ರ ನಿಂತು ಅಳೋವಾಗ ಇಲ್ಲೇ ಇದ್ದೆಯಲ್ಲ ನೀನು."

ನಿಜ ವಟಾಣಿ. ನೀನಿಲ್ಲದಾಗ ಹೇಳಿದ ತಪ್ಪೊಪ್ಪಿಗೆಯಿಂದ ನನ್ನ ಎದೆ ಹಗುರವಾಗಬಹುದು, ನಿನಗೇನೂ ಆಗುವುದಿಲ್ಲ. ನೀನು ಕತೆ ಕಟ್ಟಿದೆ, ಸುಳ್ಳು ಹೇಳಿದವನು ನಾನು. ಈ ಎರಡನ್ನೂ ಒಂದೇ ಎಂದು ನಿನಗೆ ಕಲಿಸಿಬಿಟ್ಟೆ. ಓದಲು ಬರುವ ಮಗು ಬರುವುದಿಲ್ಲ ಎನ್ನುವಂತೆ ಮಾಡಿದೆ. ಮುಂದಿನ ವಾರ ಶಾಲೆ ತೆರೆದಾಗ ನಿನ್ನ ಟೀಚರ್ ಎದುರು ಹೇಗೆ ನಿಲ್ಲಲಿ?

ಭಾನುವಾರ ಅಂಗಡಿ ಮುಚ್ಚಿ ಅಲ್ಲಿಗೆ ಬರುತ್ತೇನೆ. ದೊಡ್ಡಮ್ಮ, ದೊಡ್ಡಪ್ಪ, ನಿನ್ನ ಅಕ್ಕಂದಿರು ಎಲ್ಲರೂ ಕೂತಿರಲಿ. ನಾನು ನಿಂತುಕೊಂಡು ನಡೆದದ್ದನ್ನೆಲ್ಲ ಹೇಳಿ ನಿನ್ನ ಕ್ಷಮೆ ಕೇಳುತ್ತೇನೆ. ದೊಡ್ಡವರು ಕ್ಷಮೆ ಕೇಳಿದ ಕೂಡಲೇ ಮಕ್ಕಳು "ಪರವಾಗಿಲ್ಲಪ್ಪ" ಎನ್ನಬೇಕು ಎಂದು ಯಾರಾದರೂ ಹೇಳಿಕೊಟ್ಟರೆ ಕೇಳಬೇಡ. ನಿನಗೆ ಅನ್ನಿಸದಿದ್ದರೆ ಹೇಳಬೇಡ. ನಾನು ನಿಂತೇ ಇರುತ್ತೇನೆ.

ನಿನ್ನ ಬಾಯಿ ತುಂಬ ಮಾತಿರಲಿ, ಅಂಗೈ ತುಂಬ ಶಾಯಿ ಇರಲಿ, ಕಂದ.

ನಿನಗೆ ತಪ್ಪಿತಸ್ಥನಾದ,
ಅಪ್ಪ