ತಿದ್ದಿ ಕೊಟ್ಟ ಪುಟ

ಭಾನುವಾರ, ಜೂನ್ ೧೬

ಪ್ರೀತಿಯ ಅಕ್ಕನಿಗೆ ನಿನ್ನ ಗುಬ್ಬಿಯ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು, ಇವಳಿಗೆ ಉತ್ತರ ಬರೆಯಲು ಏನು ಧಾಡಿ ಎಂದು ಮುನಿಸಿಕೊಂಡಿರುತ್ತೀಯ. ಕ್ಷಮಿಸು. ಶಾಲೆ ಶುರುವಾಗುವ ಕಾಲ, ಸಮವಸ್ತ್ರದ ಲಂಗಗಳಿಗೆ ಅಂಚು ಮಡಚಿ ಮಡಚಿ ನನ್ನ ಬೆರಳು ಬೆರಳಾಗಿ ಉಳಿದಿಲ್ಲ. ಅದೊಂದೇ ಕಾರಣವಲ್ಲ ಬಿಡು. ಬರೆಯುವುದೆಂದರೆ ಈಗ ಈ ಮನೆಯಲ್ಲಿ ಸಣ್ಣ ಕೆಲಸವಲ್ಲ.

ಹೋದ ಸಲ ಬಂದಾಗ ನೀನು ಹೇಳಿದೆಯಲ್ಲ, ದಿನಕ್ಕೊಂದು ಪುಟ ಬರಿ, ಚೆನ್ನಾಗಿರಬೇಕಂತಿಲ್ಲ, ಯಾರಿಗೂ ತೋರಿಸಬೇಕಂತಿಲ್ಲ, ಮನಸ್ಸು ಹಗುರಾಗುತ್ತೆ ಅಂತ. ಹೇಳಿದವಳು ಬಸ್ಸು ಹತ್ತಿ ಹೋದೆ, ಸಿಕ್ಕಿಹಾಕಿಕೊಂಡವಳು ನಾನು. ಮೊದಲ ದಿನ ಏನು ಬರೆಯುವುದೆಂದು ತಿಳಿಯದೆ ಹೊಲಿಗೆ ಮಿಷನ್ನಿನ ಬಗ್ಗೆ ಬರೆದೆ. ಮರುದಿನವೂ ಅದೇ. ಆಮೇಲೆ ಮೆಲ್ಲಗೆ ಕೈ ಓಡತೊಡಗಿತು. ಬೆಳಿಗ್ಗೆ ಒಲೆಯ ಮೇಲೆ ನೀರಿಟ್ಟು, ಅದು ಕಾಯುವಷ್ಟು ಹೊತ್ತು ಅಡುಗೆಕಟ್ಟೆಯ ಮೇಲೇ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದೆ. ಕುದಿ ಬಂದರೂ ನಿಲ್ಲಿಸಲು ಮನಸ್ಸಾಗದೆ ನೀರು ಅರ್ಧ ಇಂಗಿಹೋಗುತ್ತಿತ್ತು. ಅಷ್ಟು ಖುಷಿ ನನಗೆ ಬಹಳ ದಿನಗಳಿಂದ ಆಗಿರಲಿಲ್ಲ.

ನಮ್ಮ ಮನೆಯವರು ಎಂಥವರೆಂದು ನಿನಗೆ ಗೊತ್ತೇ ಇದೆ. ಆಯುಷ್ಯವೆಲ್ಲ ಪ್ರೆಸ್ಸಿನವರಿಗೆ ಪ್ರೂಫ್ ತಿದ್ದಿದ ಮನುಷ್ಯ. ಈಗ ಪ್ರೂಫಿನ ಕಟ್ಟುಗಳನ್ನು ಮನೆಗೇ ತಂದು ತಿದ್ದುತ್ತಾರೆ, ಹೊರಗೆ ಹೋಗುವುದೇ ಅಪರೂಪ. ಔಷಧಿ ಡಬ್ಬಿಯ ಮೇಲಿನ ಬರಹಕ್ಕೂ ಕೆಂಪು ಪೆನ್ನಿನ ಗೆರೆ ಬೀಳುತ್ತದೆ. ಮಾವನವರದೂ ಅದೇ ಕಸುಬಾಗಿತ್ತು. ಒಬ್ಬರು ಜೋರಾಗಿ ಓದಬೇಕು, ಇನ್ನೊಬ್ಬರು ಕಿವಿಗೊಟ್ಟು ತಾಳೆ ನೋಡಬೇಕು, ಎರಡನೆಯವರ ಕಣ್ಣು ಬೀಳದೆ ಯಾವ ಪುಟವೂ ಮುಂದಕ್ಕೆ ಹೋಗಬಾರದು. ಮಾವನವರು ತಿದ್ದುವಾಗ ಓದಿ ಹೇಳುತ್ತಿದ್ದವರು ನಮ್ಮ ಅತ್ತೆಯೇ. ಈ ಕ್ರಮ ಇವರ ರಕ್ತದಲ್ಲೇ ಇದೆ.

ಒಂದು ದಿನ ನೋಡುತ್ತೇನೆ, ನನ್ನ ಪುಸ್ತಕ ಇವರ ಮೇಜಿನ ಮೇಲಿದೆ.

"ಚೆನ್ನಾಗಿ ಬರೀತೀಯಲ್ಲೇ, ಇಷ್ಟು ದಿನ ಹೇಳ್ಲೇ ಇಲ್ಲ. ಅಲ್ಲೊಂದು ಇಲ್ಲೊಂದು ತಪ್ಪಿತ್ತು, ತಿದ್ದಿಟ್ಟಿದ್ದೀನಿ," ಎಂದರು. ಅವರ ಮುಖದಲ್ಲಿದ್ದ ಸಂತೋಷ ನೋಡಿ ನಾನು ಟೀ ಇಡಲು ಒಳಗೆ ಹೋದೆ.

ಅಂದಿನಿಂದ ದಿನಾ ಸಂಜೆ ಟೀ ಹೊತ್ತಿಗೆ ಇವರು ನನ್ನ ಪುಟವನ್ನು ಜೋರಾಗಿ ಓದುತ್ತಾರೆ. ಅತ್ತೆ ಕಿವಿಯ ಮಿಷನ್ ಸರಿಮಾಡಿಕೊಂಡು ಮುಂಚೆಯೇ ಬಂದು ಕೂತಿರುತ್ತಾರೆ. "ನಿನ್ನೆ ನನ್ನ ಮಂಡಿನೋವು ಬರೆದಿದ್ಯಲ್ಲ, ಇವತ್ತು ವಾಸಿ ಅಂತ ಹಾಕಮ್ಮ, ಕೇಳಿದೋರು ಗಾಬರಿ ಆಗ್ಬಾರ್ದು," ಎನ್ನುತ್ತಾರೆ. ಕೇಳುವವರು ನಾವು ಮೂರೇ ಜನ. ನಾನು ಒಂದು ದಿನ ತಪ್ಪಿಸಿದರೆ ಸಾಕು, "ಏನೇ, ಪುಟ ಎಲ್ಲಿ? ಅಭ್ಯಾಸ ಬಿಟ್ಟುಹೋಗುತ್ತೆ ನೋಡು," ಎಂದು ಇವರೇ ಪೆನ್ನು ತಂದು ಕೈಗಿಡುತ್ತಾರೆ. ತಮ್ಮ ಮೇಜಿನ ಅರ್ಧ ಭಾಗವನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ಎದುರುಬದುರು ಕೂರುತ್ತೇವೆ. ನಾನು ಪೆನ್ನು ಕೆಳಗಿಡುವುದನ್ನೇ ಕಾಯುತ್ತಿರುತ್ತಾರೆ. ಅಡುಗೆಮನೆಯಲ್ಲಿ ಬರೆಯುತ್ತೇನೆಂದರೆ, ಅಲ್ಲಿ ಬೆಳಕು ಸಾಲದು, ಕಣ್ಣು ಹಾಳಾಗುತ್ತೆ ಎಂದು ಕಾಳಜಿ.

ಹೀಗಾಗಿ ನಿನ್ನ ತಂಗಿ ಈಗ ತಪ್ಪದೆ ಬರೆಯುತ್ತಾಳೆ. ಬಾಗಿಲ ಚಿಲಕಕ್ಕೆ ಎಣ್ಣೆ ಬಿಟ್ಟಿದ್ದು, ಹಾಲು ಒಡೆದದ್ದು, ಯಾರೋ ಗುಂಡಿ ಹಾಕಿಸಿಕೊಳ್ಳಲು ಬಂದು ಮನೆಪುರಾಣ ಹೇಳಿ ಹೋದದ್ದು. ಓದುವಾಗ ಯಾರ ಮುಖವೂ ಸಣ್ಣದಾಗದಂಥದ್ದನ್ನು ಹುಡುಕಿ ಹುಡುಕಿ ಬರೆಯುತ್ತಾಳೆ. ಈ ಪತ್ರವನ್ನೂ ಇವರು ಒಮ್ಮೆ ನೋಡಿಕೊಡುತ್ತಾರಂತೆ. "ಅಕ್ಕನಿಗೆ ತಪ್ಪಿರೋ ಕಾಗದ ಹೋಗ್ಬಾರ್ದು," ಎಂದು ಎದುರಿಗೇ ಕನ್ನಡಕ ಒರೆಸುತ್ತ ಕೂತಿದ್ದಾರೆ. ಅದಕ್ಕೇ ಇಲ್ಲಿಗೆ ಮುಗಿಸುತ್ತೇನೆ.

ಭಾವನವರಿಗೆ ನಮಸ್ಕಾರ ತಿಳಿಸು. ಮಕ್ಕಳು ಚೆನ್ನಾಗಿ ಓದಿ ನೂರು ಕಾಲ ಸುಖವಾಗಿರಲಿ, ಚಿಕ್ಕಮ್ಮನ ಆಶೀರ್ವಾದ ಎಂದು ಹೇಳು.

ನಿನ್ನ,
ಗುಬ್ಬಿ

ತಾ. ಕ.: ಇದನ್ನು ದಾರದ ಅಂಗಡಿಯ ಗಲ್ಲಾದ ಪಕ್ಕ ನಿಂತು ಬರೆಯುತ್ತಿದ್ದೇನೆ. ಲಕೋಟೆ ದಾರಿಯಲ್ಲಿ ಅಂಟಿಸುತ್ತೇನೆ ಎಂದು ಹೇಳಿ ಈಸಿಕೊಂಡು ಬಂದೆ. ಇದನ್ನು ಇವರು ನೋಡಿಲ್ಲ.

ಹೋದ ತಿಂಗಳು, ಇವರು ಓದುತ್ತಾರೆಂದು ಗೊತ್ತಿದ್ದೂ, ಒಂದು ವಾಕ್ಯ ಬರೆದೆ. ಬಾಯಿಬಿಟ್ಟು ಹೇಳಲಾಗದ್ದನ್ನು ಹೀಗಾದರೂ ಮುಟ್ಟಿಸೋಣ ಎಂದುಕೊಂಡೆ. 'ಈ ಮನೆಯಲ್ಲಿ ಯಾರೂ ನನಗೆ ಒಂದು ಮಾತೂ ಅನ್ನುವುದಿಲ್ಲ, ಆದರೂ ನನಗೆ ಇಲ್ಲಿ ಉಸಿರು ಕಟ್ಟುತ್ತದೆ, ಇರಲು ಆಗುತ್ತಿಲ್ಲ.' ಆ ದಿನ ಯಾರದೋ ಅಂಗಿಯ ತೋಳನ್ನು ತಿರುಗುಮುರುಗಾಗಿ ಹೊಲಿದು ಬಿಚ್ಚಿದೆ.

ಸಂಜೆ ಇವರು ಓದಿದರು. 'ಈ ಮನೆಯಲ್ಲಿ ಯಾರೂ ನನಗೆ ಒಂದು ಮಾತೂ ಅನ್ನುವುದಿಲ್ಲ.' ಅಲ್ಲಿಗೆ ನಿಲ್ಲಿಸಿ ಮುಂದಿನ ಸಾಲಿಗೆ ಹೋದರು. ಅತ್ತೆಯ ಕಣ್ಣು ತುಂಬಿ ಬಂತು. "ಎಂಥ ಮಾತು ಬರ್ದಿದ್ದಾಳೆ ನೋಡೋ," ಎಂದರು. ಆಮೇಲೆ ಪುಸ್ತಕ ತೆರೆದು ನೋಡಿದೆ. ಉಳಿದ ಅರ್ಧದ ಮೇಲೆ ಕೆಂಪು ಗೆರೆ ಇತ್ತು. ಪಕ್ಕದಲ್ಲಿ ಇವರ ದುಂಡು ಅಕ್ಷರದಲ್ಲಿ 'ಬೇಡ' ಎಂದಿತ್ತು.

ಕಣ್ತಪ್ಪಿ ಬಿಟ್ಟಿದ್ದರೆ ನಾನು ಇಷ್ಟು ನೊಂದುಕೊಳ್ಳುತ್ತಿರಲಿಲ್ಲ ಅಕ್ಕ. ಓದಿದ್ದಾರೆ, ಅರ್ಥವೂ ಆಗಿದೆ. ಇವತ್ತಿನವರೆಗೂ ಅದರ ಬಗ್ಗೆ ಒಂದು ಮಾತು ಕೇಳಿಲ್ಲ.

ನನ್ನನ್ನು ಸ್ವಲ್ಪ ದಿನ ಕರೆಸಿಕೋ. ನಿನಗೆ ಮೈ ಸರಿಯಿಲ್ಲ ಎಂದಾದರೂ ಬರೆ, ಕಾರಣ ಏನಾದರೂ ಹಾಕು. ಇಲ್ಲಿ ಹೇಳಿದ್ದನ್ನು ಮಾತ್ರ ಎತ್ತಬೇಡ. ನಿನ್ನ ಪತ್ರವನ್ನೂ ಇವರೇ ಒಡೆದು ನನಗೆ ಓದಿ ಹೇಳುವುದು.