ಅಪ್ಪನ ಉಂಗುರ ಬಿಚ್ಚಿಡು

ಚೆಂಬೂರು
ಮಂಗಳವಾರ, 11 ಫೆಬ್ರುವರಿ 1992

ಪ್ರೀತಿಯ ತಮ್ಮ ಈರಣ್ಣ,

ನಸುಕಿನ ನಾಲ್ಕೂವರೆ. ಬಿಲ್ಡಿಂಗಿನ ನೀರಿನ ಪಂಪು ಗುಡುಗುಟ್ಟಿ ನನ್ನನ್ನು ಎಬ್ಬಿಸಿತು ಎಂದು ಬರೆದರೆ ಸುಳ್ಳಾದೀತು. ನಿದ್ದೆ ಬಂದಿದ್ದರಲ್ಲವೇ ಏಳುವುದು? ಸಂಕ್ರಾಂತಿಯಿಂದ ನಿನ್ನ ಜೊತೆ ಮಾತು ಬಿಟ್ಟಿದ್ದೇನೆ. ಕ್ಷಮಿಸು. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ಇಳಿಯಲಿಲ್ಲ, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಅಂದು ಕುಸುರೆಳ್ಳು ಕೊಡಲು ನೀನು ಕೈ ಚಾಚಿದಾಗ ಬೆರಳಲ್ಲಿ ಅಪ್ಪನ ಉಂಗುರ ಕಂಡೆ. ಕುದುರೆ ಲಾಳದ ಕಬ್ಬಿಣದಲ್ಲಿ ಮಾಡಿಸಿದ ಮೂಲವ್ಯಾಧಿಯ ಉಂಗುರ. ರಕ್ತ ಕಂಡ ಗಂಡಸು ಅದನ್ನು ಹಾಕಿಕೊಳ್ಳುವುದು, ಬಾಯಿ ಮುಚ್ಚಿಕೊಳ್ಳುವುದು ನಮ್ಮ ಮನೆಯ ಪದ್ಧತಿ. ಅಜ್ಜ ಹಾಕಿಕೊಂಡ, ಹೋದ. ದೊಡ್ಡಪ್ಪ ಹಾಕಿಕೊಂಡ, ಹೋದ. ಅಪ್ಪ ನಲವತ್ತೊಂದಕ್ಕೆ ಹೋದ. ಪ್ರತಿ ಸಲವೂ ಹೆಣ ಎತ್ತುವ ಮೊದಲು ಉಂಗುರ ಬಿಚ್ಚಿ, ತೊಳೆದು, ದೇವರ ಜಗಲಿಯ ಮೇಲಿಟ್ಟರು. ಯಾರನ್ನೂ ಉಳಿಸದ ಔಷಧವನ್ನು ಇಷ್ಟು ಜೋಪಾನ ಮಾಡಿದ ಮನೆ ಇನ್ನೊಂದಿರಲಿಕ್ಕಿಲ್ಲ.

ನಾನು ಕೇಳಿದ್ದಕ್ಕೆ ನೀನು ನಕ್ಕೆ. "ಆಫೀಸಿನ್ಯಾಗ ಕುಂತು ಕುಂತು ಮೂಲವ್ಯಾಧಿ ಆಗೇತಿ. ಅಕ್ಕಾ, ನಿನ್ನ ಬಿ.ಎಸ್ಸಿ. ಉಳ್ಳಾಗಡ್ಡಿ ಬೇರು ನೋಡಾಕ ಸಾಕು, ನನ್ನ ಹೊಟ್ಟಿ ನೋಡಾಕ ಬ್ಯಾಡ" ಅಂದೆ. ನಮ್ಮ ಮನೆಯವರು, ನಿಮ್ಮ ಮಾವ, ಅವರೂ ನಕ್ಕುಬಿಟ್ಟರು. ನಗದೇ ಇದ್ದವಳು ನಾನೊಬ್ಬಳೇ.

ಮರುವಾರವೇ ಪರೇಲಿನ ದೊಡ್ಡಾಸ್ಪತ್ರೆಗೆ ಹೋಗಿ ನಮ್ಮ ಮನೆಯ ಕಥೆಯನ್ನೆಲ್ಲ ಹೇಳಿದೆ. ನಿನ್ನ ಸಲುವಾಗಿ. ಡಾಕ್ಟರು ಒಬ್ಬ ಮರಾಠಿ ಹೆಂಗಸು. ಕೇಳಿಸಿಕೊಂಡು ಪೆನ್ನು ಕೆಳಗಿಟ್ಟು, "ಮೂಲವ್ಯಾಧಿ ಹೀಗೆ ತಲೆಮಾರು ತಲೆಮಾರನ್ನೇ ಕೊಲ್ಲುವುದಿಲ್ಲ, ತಾಯಿ" ಅಂದರು. ಕೆಲವು ಮನೆತನಗಳಲ್ಲಿ ದೊಡ್ಡ ಕರುಳಿನ ಒಳಗೋಡೆಯ ತುಂಬ ಜೋಳದ ಕಾಳಿನಂಥ ಗಂಟು ಏಳುತ್ತವಂತೆ, ನೂರಾರು. ಹಾಗೇ ಬಿಟ್ಟರೆ ಅವುಗಳಲ್ಲಿ ಒಂದಾದರೂ ಕ್ಯಾನ್ಸರ್ ಆಗಿಯೇ ತೀರುತ್ತದೆ. ಬೇರು ಇರುವುದು ಐದನೆಯ ವರ್ಣತಂತುವಿನಲ್ಲಿ. ಅಲ್ಲಿಯ ಒಂದು ವಂಶವಾಹಿ ಹುಟ್ಟುವಾಗಲೇ ಕೆಟ್ಟಿರುತ್ತದೆ. ಹೋದ ವರ್ಷವಷ್ಟೇ ಪರದೇಶದಲ್ಲಿ ಅದನ್ನು ಪತ್ತೆ ಹಚ್ಚಿದ್ದಾರೆ. ನಮಗಿನ್ನೂ ಅದರ ರಕ್ತಪರೀಕ್ಷೆ ಬಂದಿಲ್ಲ. ನಳಿಗೆ ಹಾಕಿ ಒಳಗೆ ನೋಡಬೇಕು.

ಹೌದಪ್ಪ, ಉಳ್ಳಾಗಡ್ಡಿ ಬೇರೇ ನೆನಪಾಯಿತು ನನಗೆ. ಬೇರಿನ ತುದಿ ಜಜ್ಜಿ, ಬಣ್ಣ ಹಾಕಿ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವರ್ಣತಂತುಗಳು ಸಮನಾಗಿ ಎರಡು ಪಾಲಾಗಿ ಅತ್ತ ಇತ್ತ ಸರಿಯುತ್ತಿದ್ದವು. ಈ ಗಂಟುಗಳಲ್ಲಿ ಆ ಪಾಲೇ ಕೆಡುತ್ತದಂತೆ: ಒಂದು ಕೋಶಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ, ಒಡೆದಷ್ಟೂ ಅಧ್ವಾನ. ಅಣ್ಣತಮ್ಮಂದಿರ ಹಂಚಿಕೆ ಕೆಟ್ಟ ಮನೆಯ ಹಾಗೆ. ತಂದೆಗಿದ್ದರೆ ಮಕ್ಕಳಿಗೆ ಬರುವುದು ಅರ್ಧಕ್ಕರ್ಧ. ಅದು ಗಂಡು ಹೆಣ್ಣು ಎಂದು ನೋಡುವುದಿಲ್ಲ. ಉಂಗುರ ಮಾತ್ರ ಗಂಡಸರಿಗೆ!

ನಾನು ಆಸ್ಪತ್ರೆಗೆ ಹೋದ ಸುದ್ದಿ ತಿಳಿದು ಭಾನುವಾರ ಅವ್ವ ನಿಮ್ಮ ಗೋರೆಗಾಂವಿನಿಂದ ಇಲ್ಲಿತನಕ ಬಂದದ್ದು ನನ್ನ ಬಾಯಿಗೆ ಬೀಗ ಹಾಕಲಿಕ್ಕೆ. "ಮನಿ ಮಾನ ಹರಾಜಿಗಿಡ್ತೀಯೇನ? ಸೇವಂತಿ ಮನಿಯವರಿಗೆ ಗೊತ್ತಾದ್ರ ಹೆಣ್ಣು ಕೊಡ್ತಾರೇನ? ಲಗ್ನ ಆಗೂತನಾ ಸುಮ್ನಿರು" ಅಂದಳು.

"ಸುಮ್ನಿರೂದಿಲ್ಲವಾ. ನಿನ್ನನ್ನೂ ಹಿಂಗ ಸುಮ್ನಿದ್ದೇ ತಂದ್ರು. ಮೂವತ್ತಾರಕ್ಕ ಕುಂಕುಮ ಅಳಿಸಿದ್ರು" ಅಂದೆ.

ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ನನ್ನ ಕಡೆ ನೋಡಲಿಲ್ಲ. ಆದರೂ ಅಂದದ್ದನ್ನು ಹಿಂದೆಗೆದುಕೊಳ್ಳುವುದಿಲ್ಲ. ಸೇವಂತಿಗೆ ನೀನೇ ಹೇಳು. ನೀನು ಹೇಳದಿದ್ದರೆ ನಾನು ಬೆಳಗಾವಿಗೆ ಹೋಗಿ ಹೇಳುತ್ತೇನೆ. ಕಟ್ಟಿಕೊಳ್ಳುವವಳು ಕಣ್ಣು ತೆರೆದು ಕಟ್ಟಿಕೊಳ್ಳಲಿ.

ಈಗ ಕೆಲಸದ ಮಾತು. ನಾಳೆ ಬುಧವಾರ ಒಂಬತ್ತಕ್ಕೆ ಡಾಕ್ಟರು ನಿನಗಾಗಿ ಜಾಗ ಹಿಡಿದಿಟ್ಟಿದ್ದಾರೆ. ಕರುಳು ಖಾಲಿಯಿರಬೇಕು. ಕೆಳಮನೆಯ ಹಣಮಂತ ನಿಮ್ಮ ಕಡೆಯೇ ಕೆಲಸಕ್ಕೆ ಬರುತ್ತಾನೆ. ಇವತ್ತು ಮಧ್ಯಾಹ್ನ ಈ ಪತ್ರವನ್ನೂ ಡಾಕ್ಟರು ಬರೆದುಕೊಟ್ಟ ಭೇದಿ ಮಾಡಿಸುವ ಔಷಧವನ್ನೂ ನಿನ್ನ ಆಫೀಸಿಗೆ ತಲುಪಿಸುತ್ತಾನೆ. ಸಂಜೆಗೆ ಬರೀ ಗಂಜಿಯ ತಿಳಿ, ಮೇಲೆ ಆ ಔಷಧ. ಅವ್ವ ರೊಟ್ಟಿ ಬಡಿದು ಮುಂದಿಟ್ಟರೂ ಮುಟ್ಟಬೇಡ. ನಿಮ್ಮ ಮಾವ ರಜೆ ಹಾಕಿ ಆಸ್ಪತ್ರೆಯ ಗೇಟಿನಲ್ಲಿ ನಿಂತಿರುತ್ತಾರೆ. ನಕ್ಕಿದ್ದಕ್ಕೆ ದಂಡ ಅಂದಿದ್ದಾರೆ.

ನೂರು ವರ್ಷ ಬಾಳು ಎಂದು ಹರಸುವುದಿಲ್ಲ. ಅಪ್ಪ ದಾಟದ ನಲವತ್ತೊಂದನ್ನು ದಾಟು. ಮುಂದಿನದನ್ನು ಆಮೇಲೆ ಕೇಳಿಕೊಳ್ಳೋಣ.

ನಿನ್ನ ಹಟಮಾರಿ ಅಕ್ಕ,
ಶೈಲಜಾ

ತಾ.ಕ.: ನಿನ್ನ ಸಲುವಾಗಿ ಹೋದೆ ಎಂದು ಮೇಲೆ ಬರೆದದ್ದು ಅರ್ಧ ಮಾತು. ದೀಪಾವಳಿಯಿಂದ ನನಗೇ ರಕ್ತ ಹೋಗುತ್ತಿದೆ. ನಳಿಗೆ ಹಾಕಿ ನೋಡಿದರು, ನೂರಾರಿವೆ. ಇನ್ನೂ ಕೆಟ್ಟದ್ದಕ್ಕೆ ತಿರುಗಿಲ್ಲ. ಮಾರ್ಚಿನಲ್ಲಿ ದೊಡ್ಡ ಕರುಳು ತೆಗೆಯುತ್ತಾರೆ. ತೆಗೆಯಲಿ, ಅದಿಲ್ಲದೆಯೂ ಬದುಕುತ್ತೇನೆ. ನಿದ್ದೆಗೆಡಿಸಿದ್ದು ಅದಲ್ಲ. ಈ ರೋಗದವರಲ್ಲಿ ಅನೇಕರಿಗೆ ಕಣ್ಣಿನ ಹಿಂಗೋಡೆಯಲ್ಲಿ ಕಪ್ಪು ಚುಕ್ಕೆಗಳಿರುತ್ತವಂತೆ. ನನಗಿವೆ. ನಿನ್ನೆ ನಮ್ಮ ಮುಕ್ತಾಳ ಕಣ್ಣಿಗೂ ಹನಿ ಹಾಕಿ ನೋಡಿದರು. ಅವಳಿಗೂ ಇವೆ, ಈರಣ್ಣ. ಐದು ವರ್ಷದ ಕೂಸಿಗೆ. ಹತ್ತು ದಾಟಿದ ಮೇಲೆ ಅವಳಿಗೂ ನಳಿಗೆ ಹಾಕಬೇಕು.

ಮಂಜಾದ ಕಣ್ಣಿನಲ್ಲೇ ಬಸ್ಸಿನಲ್ಲಿ ಕೇಳಿದಳು: "ಮಮ್ಮೀ, ಮಾಮಾಗೂ ಟೆಸ್ಟ್ ಇದೆಯಾ? ಹಾಗಾದ್ರೆ ಪೆಹಲೇ ಮಾಮಾ, ಬಾದ್ ಮೇ ಮೈ." ಮೊದಲು ಮಾಮ, ಆಮೇಲೆ ತಾನಂತೆ. ಹೂಂ ಅಂದುಬಿಟ್ಟೆ. ಅವಳ ಸರದಿ ಬಂದಾಗ, ಮೊದಲು ಹೋಗಿ ಬದುಕಿ ಬಂದ ಒಬ್ಬ ಮಾಮನನ್ನು ನಾನು ತೋರಿಸಬೇಕು. ಆ ಉಂಗುರ ಅವಳ ತಲೆಮಾರಿಗೆ ದಾಟಬಾರದು. ಬಿಚ್ಚಿಡು. ನಾನು ಹಣಮಂತನ ಮನೆಯ ಫೋನಿನ ಹತ್ತಿರವೇ ಕೂತಿರುತ್ತೇನೆ, ಎಷ್ಟು ಹೊತ್ತಾದರೂ ಸರಿ. ಬರುತ್ತೇನೆ ಎನ್ನುವ ಒಂದೇ ಮಾತು ಸಾಕು. ನಾಳೆ ಬೆಳಗಾಗುವುದರೊಳಗೆ ಫೋನ್ ಮಾಡು, ನನ್ನಪ್ಪಾ, ಫೋನ್ ಮಾಡು.